ನಾನು ಪಂಪು ಮಾರಿದ ಊರು

ಒಮಾನಿನ ನಿಜ್ವಾ ಪಟ್ಟಣದ ಒಂದು ಪಂಪಿನಂಗಡಿಗೆ ಲೆಕ್ಕ ಬರೆಯಲೆಂದು ನಾನು ಸೇರಿದ್ದು 1996ರಲ್ಲಿ. ಗಂಟುಮೂಟೆ ಕಟ್ಟಿಕೊಂಡು ಬಂಟ್ವಾಳ ತಾಲ್ಲೂಕಿನ ನನ್ನೂರಿಗೆ ಮರಳಿದ್ದು 2019ರಲ್ಲಿ. ಆ 23 ವರ್ಷಗಳಲ್ಲಿ ಎಷ್ಟು ಸಬ್‌ಮರ್ಸಿಬಲ್ ಪಂಪುಗಳ ಬಿಲ್ಲಿಗೆ ನನ್ನ ಸಹಿ ಬಿದ್ದಿದೆ ಎಂದು ಎಣಿಸಲು ಹೋಗಿಲ್ಲ. ಎಣಿಸಿದರೆ ನಿದ್ದೆ ಬರಲಿಕ್ಕಿಲ್ಲ. ಅಂಥವನು ಮರುಭೂಮಿಯ ನೀರಿನ ಬಗ್ಗೆ ಬರೆಯುವುದೆಂದರೆ ಸಾರಾಯಿ ಗುತ್ತಿಗೆದಾರ ಪಾನನಿಷೇಧದ ಭಾಷಣಕ್ಕೆ ನಿಂತ ಹಾಗೆ. ಆದರೂ ಬರೆಯುತ್ತಿದ್ದೇನೆ. ಈಚೆಗೆ ನಮ್ಮೂರಲ್ಲಿ ನಡೆದ ಒಂದು ಸಭೆ ಇದಕ್ಕೆ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ಮಸ್ಕತ್‌ನಿಂದ ಒಳಕ್ಕೆ ಸುಮಾರು 160 ಕಿಲೋಮೀಟರ್ ಹೋದರೆ ನಿಜ್ವಾ. ಹಜರ್ ಬೆಟ್ಟಸಾಲಿನ ತಪ್ಪಲು. ಒಮಾನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 100 ಮಿಲಿಮೀಟರ್ ಆಸುಪಾಸು. ನಮ್ಮ ದಕ್ಷಿಣ ಕನ್ನಡದಲ್ಲಿ 3,500 ಮಿಲಿಮೀಟರಿಗೂ ಹೆಚ್ಚು. ಅವರ ಇಡೀ ವರ್ಷದ ಮಳೆ ನಮ್ಮಲ್ಲಿ ಆಟಿ ತಿಂಗಳ ಒಂದು ದಿನದಲ್ಲಿ ಸುರಿದು ಹೋಗುವುದುಂಟು. ಮೊದಲ ಬಾರಿ ಟ್ಯಾಕ್ಸಿಯಲ್ಲಿ ಹೋಗುವಾಗ ದಾರಿಯುದ್ದಕ್ಕೂ ಒಂದು ಹಸಿರು ಕಡ್ಡಿ ಕಾಣದೆ, ಈ ಸುಟ್ಟ ಕಲ್ಲುಬೆಟ್ಟಗಳ ನಡುವೆ ಪಂಪು ಕೊಳ್ಳುವವರಾದರೂ ಯಾರು, ನನ್ನ ಸಂಬಳ ಹುಟ್ಟುವುದಾದರೂ ಎಲ್ಲಿಂದ ಎಂದು ಹೆದರಿದ್ದೆ. ನಿಜ್ವಾಕ್ಕೆ ಇಳಿದು ನೋಡಿದರೆ ಖರ್ಜೂರದ ತೋಟ, ತೋಟ, ತೋಟ. ಅದರ ನೆರಳಲ್ಲಿ ನಿಂಬೆ, ಬಾಳೆ, ದಾಳಿಂಬೆ. ಅದರ ಬುಡದಲ್ಲಿ ದನಕ್ಕೆ ಹಾಕುವ ಕುದುರೆಮಸಾಲೆ ಸೊಪ್ಪು. ಅಡಿಕೆಯ ಕೆಳಗೆ ಬಾಳೆ, ಬಾಳೆಯ ಕೆಳಗೆ ಏಲಕ್ಕಿ ಕಂಡು ಬೆಳೆದವನಿಗೆ ಅದು ಹೊಸತೇನಲ್ಲ. ಹೊಸತೆನಿಸಿದ್ದು ತೋಟದ ನಡುವೆ, 45 ಡಿಗ್ರಿ ಬಿಸಿಲಲ್ಲಿ, ಯಾವ ಯಂತ್ರದ ಸದ್ದೂ ಇಲ್ಲದೆ ತಿಳಿಯಾಗಿ ಹರಿಯುತ್ತಿದ್ದ ಕಾಲುವೆ. ಕಾಲು ಇಳಿಬಿಟ್ಟರೆ ಬೆರಳುದ್ದದ ಮೀನುಗಳು ಬಂದು ಪಾದ ಕಚ್ಚುತ್ತಿದ್ದವು. ಅದು ಫಲಜ್ ದಾರಿಸ್.

ಫಲಜ್ ಎಂಬ ಅರಬ್ಬಿ ಪದಕ್ಕೆ ಕಾಲುವೆ ಎಂದೇ ನಾನು ಬಹುಕಾಲ ತಿಳಿದಿದ್ದೆ. ಅದರ ಬೇರಿನ ಅರ್ಥ ಪಾಲು ಮಾಡುವುದು, ಸೀಳುವುದು. ಈ ವ್ಯವಸ್ಥೆಗೆ ಹೆಸರಿಟ್ಟವರಿಗೆ ನೀರು ತಂದದ್ದಕ್ಕಿಂತ ಅದನ್ನು ಹಂಚಿದ್ದೇ ದೊಡ್ಡದಾಗಿ ಕಂಡಿರಬೇಕು.

ಫಲಜ್‌ನಲ್ಲಿ ಮೂರು ಬಗೆ. ಹಳ್ಳದ ಒಸರನ್ನು ತಿರುಗಿಸಿಕೊಂಡದ್ದು ಒಂದು, ಚಿಲುಮೆಯಿಂದ ಬಂದದ್ದು ಇನ್ನೊಂದು. ಮೂರನೆಯದೇ ಅಸಲಿ ಕಸುಬು: ಬೆಟ್ಟದ ಬುಡದಲ್ಲಿ ನೀರಿನ ಮಟ್ಟ ಮುಟ್ಟುವವರೆಗೆ ತಾಯಿಬಾವಿ ತೋಡುವುದು. ಅಲ್ಲಿಂದ ಊರಿನತ್ತ, ನೆಲದೊಳಗೇ, ಕಣ್ಣಿಗೆ ಕಾಣದಷ್ಟು ಅಲ್ಪ ಇಳಿಜಾರಿನಲ್ಲಿ ಕಿಲೋಮೀಟರ್‌ಗಟ್ಟಲೆ ಸುರಂಗ ಕೊರೆಯುವುದು. ನಡುನಡುವೆ ಮಣ್ಣು ಎತ್ತಲು, ಗಾಳಿಯಾಡಲು ಕಿಂಡಿಗಳು. ಇಳಿಜಾರು ತುಸು ಹೆಚ್ಚಾದರೆ ನೀರು ರಭಸಕ್ಕೆ ಗೋಡೆ ಕೊರೆದುಬಿಡುತ್ತದೆ, ತುಸು ಕಡಿಮೆಯಾದರೆ ಹೂಳು ತುಂಬುತ್ತದೆ. ಈ ಬಗೆಯ ಫಲಜ್‌ಗೆ ದಾವೂದಿ ಎಂದು ಹೆಸರು. ದಾವೂದನ ಮಗ ಸುಲೇಮಾನ್ ಹತ್ತು ದಿನ ಒಮಾನಿನಲ್ಲಿ ತಂಗಿದ್ದಾಗ ದಿನಕ್ಕೆ ಸಾವಿರದಂತೆ ಜಿನ್ನಿಗಳಿಂದ ಹತ್ತು ಸಾವಿರ ಫಲಜ್ ತೋಡಿಸಿದನಂತೆ. ಮನುಷ್ಯರ ಬೆವರನ್ನು ದೇವತೆಗಳಿಗೋ ಭೂತಗಳಿಗೋ ಜಮೆ ಮಾಡುವ ರೂಢಿ ಎಲ್ಲ ಕಡೆಯೂ ಇದೆ. ನಮ್ಮಲ್ಲಿ ಒಂದೇ ರಾತ್ರಿಯಲ್ಲಿ ಪಾಂಡವರು ಕಟ್ಟದ ಗುಡಿ ಯಾವುದು ಹೇಳಿ!

ನನಗೆ ಆ ಸುರಂಗ ನೋಡಿದಾಗ ಜಿನ್ನಿ ನೆನಪಾಗಲಿಲ್ಲ, ಅಜ್ಜ ನೆನಪಾದ. ನಮ್ಮ ಮನೆ ಹಿಂದಿನ ಗುಡ್ಡಕ್ಕೆ ಅಜ್ಜ ಮುರಕಲ್ಲು ಕಡಿದು ಅಡ್ಡಕ್ಕೆ ಕೊರೆಸಿದ ಸುರಂಗವೊಂದಿದೆ. ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಒಳಗಿಂದ ಬರುವ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತಿತ್ತು. ಬಾಲ್ಯದಲ್ಲಿ ನಾನು ನಿದ್ದೆ ಹೋಗುತ್ತಿದ್ದದ್ದು ಆ ಸದ್ದು ಕೇಳುತ್ತ.

ಅಂಗಡಿಯ ಬಾಕಿ ವಸೂಲಿಗೆ ಹಳ್ಳಿಗಳಿಗೆ ಹೋಗುವುದೂ ನನ್ನ ಕೆಲಸವಾಗಿತ್ತು. ಹಾಗೆ ಪರಿಚಯವಾದವರು ನಿಜ್ವಾದಿಂದ ಮುಕ್ಕಾಲು ಗಂಟೆ ದಾರಿಯ ಒಂದು ಊರಿನ ಅರೀಫ್. ಅರೀಫ್ ಅಂದರೆ ನೀರು ಹಂಚುವವನು. ಬಯಲುಸೀಮೆಯ ಕೆರೆ ಊರುಗಳಲ್ಲಿ ನೀರಗಂಟಿ ಇರುತ್ತಿದ್ದನಲ್ಲ, ಅವನೇ. ನಾನು ಅವರನ್ನು ಅಲ್ಲಿಯ ರೀತಿಯಲ್ಲಿ ‘ಅಮ್ಮೀ’, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದೆ. ಅವರು ನನ್ನನ್ನು ಎಲ್ಲ ಹಿಂದೂಸ್ತಾನಿಗಳನ್ನು ಕರೆಯುವಂತೆ ‘ರಫೀಕ್’ ಎನ್ನುತ್ತಿದ್ದರು. ನನ್ನ ಹರಕು ಅರಬ್ಬಿ, ಅವರ ಮುರುಕು ಹಿಂದಿ. ಎರಡೂ ಸೇರಿ ಕೆಲಸ ನಡೆಯುತ್ತಿತ್ತು.

ಒಂದು ಬೆಳಿಗ್ಗೆ ಅವರೊಡನೆ ಕಾಲುವೆಯ ಕವಲಿನಲ್ಲಿ ಕೂತಿದ್ದೆ. ಮೂರು ಕವಲು, ಮೂರು ಬಾಯಿ. ಎರಡರ ಬಾಯಿಗೆ ಹಳೇ ಬಟ್ಟೆ ಸುತ್ತಿದ ಕಲ್ಲುಗುಂಡು ತುರುಕಿ ಮಣ್ಣು ಮೆತ್ತಿತ್ತು. ಪಕ್ಕದ ಸಮತಟ್ಟು ನೆಲದಲ್ಲಿ ಒಂದು ಕಬ್ಬಿಣದ ಸರಳು ನೆಟ್ಟು, ಅದರ ನೆರಳು ಸರಿಯುವ ದಾರಿಯಲ್ಲಿ ಸಾಲಾಗಿ ಕಲ್ಲು ಹೂತಿದ್ದರು. ನೆರಳು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗುವಷ್ಟು ಹೊತ್ತು ಒಂದು ಅಥರ್, ಅಂದಾಜು ಅರ್ಧ ಗಂಟೆ. ನಮ್ಮ ಗಳಿಗೆಗಿಂತ ಆರು ನಿಮಿಷ ಜಾಸ್ತಿ. 24 ಅಥರ್ ಕೂಡಿದರೆ ಒಂದು ಬಾದ್ದಾ, ಅಂದರೆ ಅರ್ಧ ದಿನ. ಅಥರನ್ನು ಮತ್ತೆ 24 ಮಾಡಿದರೆ ಖಿಯಾಸ್, ಒಂದೂಕಾಲು ನಿಮಿಷ! ಒಂದೂಕಾಲು ನಿಮಿಷದ ನೀರಿಗೂ ಅಲ್ಲಿ ಯಜಮಾನ ಇರುತ್ತಾನೆ. ಅದು ಮಗಳಿಗೆ ಪಾಲಾಗಿ ಹೋಗುತ್ತದೆ, ಸಾಲಕ್ಕೆ ಅಡವು ಬೀಳುತ್ತದೆ. ರಾತ್ರಿ ಹೊತ್ತು ನೆರಳಿಲ್ಲವಲ್ಲ, ಆಗ ಲೆಕ್ಕ ನಕ್ಷತ್ರಗಳದ್ದು. ಥುರಯ್ಯಾ ಎದ್ದಾಗ ಇಂಥವರ ಸರದಿ ಶುರು, ದಬರಾನ್ ಎದ್ದಾಗ ಇನ್ನೊಬ್ಬರದು. ಥುರಯ್ಯಾ ಎಂದರೆ ನಮ್ಮ ಕೃತ್ತಿಕೆ, ದಬರಾನ್ ಎಂದರೆ ರೋಹಿಣಿ. ನಮ್ಮಲ್ಲಿ ಮಳೆಗೆ ಹೆಸರು ಕೊಟ್ಟ ನಕ್ಷತ್ರಗಳು ಅಲ್ಲಿ ಮಳೆಯಿಲ್ಲದ ನೀರಿಗೆ ಕಾವಲು ಕೂತಿದ್ದವು.

ನಾನಿದ್ದ ಕಾಲಕ್ಕೆ ಅರೀಫರ ಕೈಯಲ್ಲಿ ವಾಚಿತ್ತು. ಸರಳಿನ ನೆರಳು ನೋಡಿ, ವಾಚು ನೋಡಿ, ಎರಡಕ್ಕೂ ಮೂರು ನಿಮಿಷ ವ್ಯತ್ಯಾಸ ಬಂದಾಗ ವಾಚನ್ನೇ ಒಮ್ಮೆ ಕುಟ್ಟಿ ಮತ್ತೆ ನೆರಳು ನೋಡಿದರು. ಆಮೇಲೆ ಮಡಚಿದ ತೋಳನ್ನು ಇನ್ನಷ್ಟು ಮೇಲೆತ್ತಿ, ಬಗ್ಗಿ, ಒಂದು ಬಾಯಿಯ ಕಲ್ಲು ಕಿತ್ತು ಮತ್ತೊಂದರ ಬಾಯಿಗೆ ಒತ್ತಿದರು. ಬಟ್ಟೆಯ ಅಂಚಿನಿಂದ ಜಿನುಗುತ್ತಿದ್ದ ಎಳೆಯಷ್ಟು ನೀರನ್ನೂ ಹೆಬ್ಬೆರಳಿನಿಂದ ಮಣ್ಣು ತೀಡಿ ನಿಲ್ಲಿಸಿದರು. ಆಚೆ ತೋಟದಲ್ಲಿ ಕಾದಿದ್ದವನು ಒಂದು ಮಾತೂ ಆಡದೆ ಹಾರೆ ಹಿಡಿದು ನೀರಿನ ಹಿಂದೆಯೇ ಹೊರಟ.

ನನ್ನ ಲೆಕ್ಕದ ಬುದ್ಧಿಗೆ ಆಗ ಒಂದು ಸಂಶಯ ಬಂತು. ಗಂಟೆಯಲ್ಲಿ ಅಳೆದರೆ ಬರಗಾಲದಲ್ಲಿ ನೀರು ಕಡಿಮೆ ಬರುತ್ತದಲ್ಲ, ಮೋಸವಲ್ಲವೇ? ಕೇಳಿಯೂ ಬಿಟ್ಟೆ. ಅರೀಫ್ ನನ್ನ ಮುಖವನ್ನು ಪಾಪ ಎಂಬಂತೆ ನೋಡಿದರು. ‘ನೀರು ಅರ್ಧ ಆದರೆ ಎಲ್ಲರಿಗೂ ಅರ್ಧ, ರಫೀಕ್.’ ಅಷ್ಟೇ ಹೇಳಿದರು. ಕೊಡಗಳ ಲೆಕ್ಕದಲ್ಲಿ ಹಕ್ಕು ಬರೆದಿದ್ದರೆ ಮೊದಲು ತೆಗೆದುಕೊಂಡವನಿಗೆ ಪೂರ್ತಿ, ಕೊನೆಯವನಿಗೆ ಸೊನ್ನೆ. ಹೊತ್ತಿನ ಲೆಕ್ಕದಲ್ಲಿ ಬರೆದದ್ದರಿಂದ ಬರವೂ ತಾನಾಗಿಯೇ ಪಾಲಾಗುತ್ತದೆ. ಯಾರೂ ಸಭೆ ಸೇರಬೇಕಿಲ್ಲ, ಯಾವ ಅಧಿಕಾರಿಯೂ ಆದೇಶ ಹೊರಡಿಸಬೇಕಿಲ್ಲ. ಊರಿನ ನಕ್ಷೆಯೂ ಇದೇ ಬುದ್ಧಿಯಿಂದ ಹುಟ್ಟಿದ್ದು. ಕಾಲುವೆ ಬಯಲಿಗೆ ಬರುವ ಮೊದಲ ಜಾಗದಲ್ಲಿ ಕುಡಿಯುವ ನೀರು. ಅದರ ಕೆಳಗೆ ಮಸೀದಿ, ಗಂಡಸರ ಸ್ನಾನದ ಮನೆ, ಹೆಂಗಸರದು. ಆಮೇಲೆ ಖರ್ಜೂರದ ತೋಟ. ಕಟ್ಟಕಡೆಗೆ ಗೋಧಿ, ಬೆಳ್ಳುಳ್ಳಿ, ಈರುಳ್ಳಿ ಹಾಕುವ ಬಯಲು. ಬರ ಬಂದರೆ ಈ ಕೊನೆಯ ಬಯಲನ್ನು ಬೀಳುಬಿಡುತ್ತಾರೆ. ಮರ ಬದುಕಬೇಕು, ಬೆಳ್ಳುಳ್ಳಿಯನ್ನು ಬರುವ ವರ್ಷ ಹಾಕಿದರಾಯಿತು.

ಹಾಗೆಂದು ಇದನ್ನು ರಾಮರಾಜ್ಯ ಎಂದು ವರ್ಣಿಸುವವರ ಸಾಲಿಗೆ ನಾನು ಸೇರುವುದಿಲ್ಲ. ನೀರಿನ ದೊಡ್ಡ ಪಾಲುಗಳು ದೊಡ್ಡ ಮನೆತನಗಳವು. ಒಮಾನಿನಲ್ಲಿ ಗುಲಾಮಗಿರಿ ಕಾನೂನು ಪ್ರಕಾರ ಕೊನೆಯಾದದ್ದು 1970ರಲ್ಲಿ, ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದ ಮೇಲೆ. ತೋಟದಲ್ಲಿ ದುಡಿಯುವ ಆಳಿಗೆ ಮರಕ್ಕೊಂದು ಗೊನೆ ಕೂಲಿ. ಅವನನ್ನು ಕರೆಯುವ ಹೆಸರು ಬೀದಾರ್. (ನಮ್ಮ ಬೀದರ್‌ಗೂ ಇದಕ್ಕೂ ಸಂಬಂಧವಿಲ್ಲ, ಕಿವಿಗೆ ಮಾತ್ರ ಒಂದೇ.) ನೀರಿಲ್ಲದವನೂ ಬದುಕಲು ಒಂದು ಕಿಂಡಿ ಇತ್ತು: ಪ್ರತಿ ಫಲಜ್‌ನಲ್ಲೂ ಕೆಲವು ಅಥರ್‌ಗಳನ್ನು ಫಲಜ್‌ನ ಹೆಸರಿಗೇ, ಮಸೀದಿಯ ಹೆಸರಿಗೆ ಬಿಟ್ಟಿರುತ್ತಾರೆ. ಅದನ್ನು ಹರಾಜು ಹಾಕಿ ಬಂದ ಹಣದಿಂದ ಹೂಳೆತ್ತುವುದು, ಕುಸಿದ ಸುರಂಗ ಕಟ್ಟುವುದು. ಯಾರು ಬೇಕಾದರೂ ಕೂಗಬಹುದು. ಇದಕ್ಕೆಲ್ಲ ಒಬ್ಬ ವಕೀಲ್, ಅಂದರೆ ಮೇಲ್ವಿಚಾರಕ. ಅವನ ಬಳಿ ಒಂದು ದಫ್ತರ. ನಮ್ಮ ಅರೀಫರ ಊರಿನ ದಫ್ತರವನ್ನು ನಾನು ಒಮ್ಮೆ ತಿರುವಿ ನೋಡಿದ್ದೇನೆ. ನನ್ನ ಅಂಗಡಿಯ ಖಾತೆಪುಸ್ತಕಕ್ಕಿಂತ ಅಚ್ಚುಕಟ್ಟು. ಅಕ್ಷರ ಓದಲು ಬಾರದಿದ್ದರೂ ಜಮೆ ಖರ್ಚಿನ ಕಂಬಸಾಲು ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ.

ಇನ್ನು ಕೈಕಸುಬಿನ ಮಾತು. ನಿಜ್ವಾದ ಸೂಕಿಗೆ, ಅಂದರೆ ಪೇಟೆಗೆ, ಬರುವ ಪ್ರವಾಸಿಗಳು ಬುಟ್ಟಿ, ಮಡಕೆ, ಬೆಳ್ಳಿಯ ಬಾಗುಕತ್ತಿ ನೋಡಿ ಎಂಥಾ ಕಲೆ ಎಂದು ಬೆರಗಾಗುತ್ತಾರೆ. ತೋಟದಲ್ಲಿ ನಿಂತು ನೋಡಿದರೆ ಅದು ಕಲೆಯಾಗಿ ಕಾಣುವುದಿಲ್ಲ, ನೀರಿನ ಬಾಲದಂತೆ ಕಾಣುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ಕಾಲುವೆಯ ಒಳಗೋಡೆಗೆ ಬಳಿಯುವ ಗಾರೆಗೆ ಸರೂಜ್ ಎನ್ನುತ್ತಾರೆ. ಜೇಡಿಮಣ್ಣನ್ನು ಹೆಂಟೆ ಮಾಡಿ ಒಣಗಿಸಿ, ಸತ್ತ ಖರ್ಜೂರದ ಕಾಂಡಗಳ ನಡುವೆ ಪದರ ಪದರವಾಗಿ ಪೇರಿಸಿ, ದಿನಗಟ್ಟಲೆ ಸುಟ್ಟು, ಕುಟ್ಟಿ ಪುಡಿ ಮಾಡಿದರೆ ಸರೂಜ್. ನೀರಲ್ಲಿ ಮುಳುಗಿದ್ದರೂ ಕರಗದು. ಅಂದರೆ ಕಾಲುವೆಯ ನೀರು ಕುಡಿದು ಬೆಳೆದ ಮರ, ಸತ್ತ ಮೇಲೆ ಉರಿದು, ಅದೇ ಕಾಲುವೆ ಸೋರದಂತೆ ಕಾಯುತ್ತದೆ. ತೋಟ ಒಣಗಿದರೆ ಸರೂಜ್‌ಗೆ ಸೌದೆಯಿಲ್ಲ, ಸರೂಜ್ ಇಲ್ಲದಿದ್ದರೆ ಕಾಲುವೆ ಸೋರುತ್ತದೆ. ಈಗ ಸಿಮೆಂಟು ಬಳಿಯುತ್ತಾರೆ ಎನ್ನುವುದು ಬೇರೆ ಮಾತು. ಆ ಸಿಮೆಂಟಿನ ಬಿಲ್ಲೂ ಕೆಲವು ನಮ್ಮ ಅಂಗಡಿಯದೇ.

ಬುಟ್ಟಿಯದೂ ಅದೇ ಕಥೆ. ಅರೀಫರ ಅಣ್ಣ ಖರ್ಜೂರದ ಗರಿಯಿಂದ ಖುಫೀರ್ ಎಂಬ ಬುಟ್ಟಿ ಹೆಣೆಯುತ್ತಿದ್ದರು. ಎಂಬತ್ತು ದಾಟಿದ ಮುದುಕ, ಕಣ್ಣು ಮಂಜು, ಬೆರಳು ಮಾತ್ರ ಚುರುಕು. ನಮ್ಮಲ್ಲಿ ತೆಂಗಿನ ಮಡಲನ್ನು ದಂಡಿನ ಸಮೇತ ನೆಲಕ್ಕೆ ಹಾಸಿ ಹೆಣೆಯುತ್ತೇವೆ. ಅವರು ಹಾಗಲ್ಲ. ಗರಿಯನ್ನು ಸೀಳಿ, ಮೊದಲು ನಾಲ್ಕು ಬೆರಳಗಲದ ಉದ್ದನೆಯ ಜಡೆ ಹೆಣೆಯುತ್ತಾರೆ, ಮಾರುಗಟ್ಟಲೆ. ಆಮೇಲೆ ಆ ಜಡೆಯನ್ನು ಬಳೆಬಳೆಯಾಗಿ ಸುತ್ತಿ ಅಂಚಿಗೆ ಅಂಚು ಹೊಲಿದರೆ ಬುಟ್ಟಿ. ಅವರು ಕೂರುವ ಜಾಗ ಕಾಲುವೆಯ ದಂಡೆ. ಗಾಳಿ ಬರುತ್ತದೆ ಎಂದು ಕೂತಿದ್ದಾರೆ ಎಂದುಕೊಂಡಿದ್ದೆ. ಗಾಳಿಗಾಗಿ ಅಲ್ಲ. ಒಣ ಗರಿ ಮಡಚಿದರೆ ಮುರಿಯುತ್ತದೆ, ನೆನೆಯಬೇಕು. ಪಕ್ಕದಲ್ಲಿ ಕಟ್ಟುಗಟ್ಟಲೆ ಗರಿ ನೀರಲ್ಲಿ ಬಿದ್ದಿರುತ್ತಿತ್ತು. ಒಂದೊಂದೇ ಎಳೆದು, ಹಲ್ಲಿನಿಂದ ತುದಿ ಸೀಳಿ, ಜಡೆಗೆ ಸೇರಿಸುತ್ತಿದ್ದರು. ಒದ್ದೆ ಗರಿಯ ವಾಸನೆ, ಹಸಿ ಹುಲ್ಲಿನದ್ದೂ ಅಲ್ಲ, ಒಣ ಹುಲ್ಲಿನದ್ದೂ ಅಲ್ಲ, ಈಗಲೂ ಮೂಗಿನಲ್ಲಿದೆ. ಆ ಬುಟ್ಟಿ ಹೋಗುವುದೆಲ್ಲಿಗೆ? ಗೊನೆ ಕೊಯ್ಯುವವನು ಸೊಂಟಕ್ಕೂ ಮರಕ್ಕೂ ಹಗ್ಗ ಸುತ್ತಿ ಮೇಲೇರುತ್ತಾನಲ್ಲ, ಅವನ ಜೊತೆ. ಆ ಹಗ್ಗವೂ ಖರ್ಜೂರದ ನಾರಿನದೇ. ನಮ್ಮ ಅಡಿಕೆ ಏರುವವನ ತಳೆಯ ಚಿಕ್ಕಪ್ಪ ಎನ್ನಿ.

ಬಹ್ಲಾ ಎಂಬ ಊರಿನ ಕುಂಬಾರರ ಮಡಕೆಯ ಬಗ್ಗೆ ಹೆಚ್ಚು ಹೇಳಲಾರೆ. ಅಲ್ಲಿ ಹೋಗಿ ಕೂತವನಲ್ಲ. ಅಂಗಡಿಯ ಬಾಗಿಲಲ್ಲಿ ತೂಗುಹಾಕಿದ್ದ ಜಹ್ಲಾ ಎಂಬ ಹೂಜಿಯ ನೀರು ಕುಡಿದದ್ದು ಮಾತ್ರ ಗೊತ್ತು. ಮಣ್ಣಿನ ರಂಧ್ರಗಳಿಂದ ಬೆವರಿ, ಒಣಗಾಳಿಗೆ ಆ ಬೆವರು ಆರಿ, ಒಳಗಿನ ನೀರು ತಣ್ಣಗಾಗುತ್ತದೆ. ಆಸೆಪಟ್ಟು ಒಂದನ್ನು ಊರಿಗೆ ತಂದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಗಾಳಿಯೇ ಒದ್ದೆ, ಹೂಜಿ ಬೆವರಿದರೂ ಬೆವರು ಆರುವುದಿಲ್ಲ. ನೀರು ಉಗುರುಬೆಚ್ಚಗೇ ಉಳಿಯಿತು. ಅತ್ತಿಗೆ ಅದರಲ್ಲಿ ಹುಣಸೆಹಣ್ಣು ಹಾಕಿಟ್ಟಿದ್ದಾಳೆ.

ಒಂದು ಸಂಗತಿ ಮಾತ್ರ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು. ಬೇಸಗೆಯಲ್ಲಿ ಮಬ್ಸಲಿ ಎಂಬ ಜಾತಿಯ ಖರ್ಜೂರವನ್ನು ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದು, ದೊಡ್ಡ ತಾಮ್ರದ ಹಂಡೆಗಳಲ್ಲಿ ಕುದಿಸಿ, ಬಿಸಿಲಲ್ಲಿ ಹರಡಿ ಒಣಗಿಸುತ್ತಾರೆ. ತಬ್ಸೀಲ್ ಎನ್ನುತ್ತಾರೆ. ಊರಿಗೆ ಊರೇ ಸೇರುವ ಕೆಲಸ. ಮಕ್ಕಳಿಗೆ ಹಬ್ಬ. ನನ್ನ ಕೈಗೊಂದು ಒಣಗಿದ ಕಾಯಿ ಕೊಟ್ಟರು. ಗಟ್ಟಿ, ಸುಕ್ಕು, ಕೆಂಗಂದು. ಅರೆ, ಇದು ಉತ್ತುತ್ತೆ! ಹುಬ್ಬಳ್ಳಿಯ ನನ್ನ ಮಾವನ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಕೊಬ್ಬರಿಬಟ್ಟಲು, ಅರಿಶಿನಕೊಂಬು, ಅಡಿಕೆಯ ಜೊತೆ ಸೆರಗಿಗೆ ಬೀಳುವ ಅದೇ ಉತ್ತುತ್ತೆ. ಇದೆಲ್ಲ ಎಲ್ಲಿಗೆ ಹೋಗುತ್ತದೆ ಎಂದರೆ ‘ಹಿಂದ್’ ಎಂದರು, ನಾನೇ ಬಂದು ಒಯ್ಯುವವನೋ ಎಂಬಂತೆ ನಗುತ್ತ. ಕುದಿಸಿ ಒಣಗಿಸಿದ ಒಮಾನಿ ಖರ್ಜೂರ ಹಡಗಿನಲ್ಲಿ ಭಾರತಕ್ಕೆ ಬರುವ ವ್ಯಾಪಾರ ಬಹಳ ಹಳೆಯದು. ಮಳೆ ಕಾಣದ ಬೆಟ್ಟದ ಹೊಟ್ಟೆಯ ನೀರು ಹೀಗೆ ಧಾರವಾಡ ಸೀಮೆಯ ಉಡಿಗೆ ಬಂದು ಬೀಳುತ್ತಿತ್ತು ಎಂದು ಮದುವೆಗೆ ಬಂದ ಯಾರಿಗೆ ಗೊತ್ತು?

ಈಗ ನನ್ನ ತಪ್ಪೊಪ್ಪಿಗೆ. 2001ರ ಹೊತ್ತಿಗೆ ಎರಡು ಮೂರು ವರ್ಷ ಸರಿಯಾಗಿ ಮಳೆಯಾಗದೆ ಅರೀಫರ ಊರಿನ ಫಲಜ್ ಸಣ್ಣಗಾಗಿತ್ತು. ಆ ಊರಿನದೇ ಒಬ್ಬ ಅಂಗಡಿಗೆ ಬಂದ. ಅವನ ಜಾಗ ಊರಿನ ಮೇಲ್ಭಾಗದಲ್ಲಿ, ಹಿಂದೆ ಎತ್ತು ಕಟ್ಟಿ ಕಪಿಲೆ ಎಳೆಸುತ್ತಿದ್ದ ಹಳೇ ಬಾವಿಯಿತ್ತು. ಹೊಸ ಬಾವಿಗೆ ಸರ್ಕಾರದ ಪರವಾನಗಿ ಬೇಕು. ಹಳೇ ಬಾವಿಯನ್ನು ಆಳ ಮಾಡಿಸಿದರೆ ಕೇಳುವವರಾರು? ಎಷ್ಟು ಅಶ್ವಶಕ್ತಿಯ ಪಂಪು ಹಾಕಲಿ ಎಂದ. ನಾನು ಪಟ್ಟಿ ತೆಗೆದು ಅವನು ಕೇಳಿದ್ದಕ್ಕಿಂತ ಒಂದು ಹೆಜ್ಜೆ ದೊಡ್ಡದನ್ನೇ ತೋರಿಸಿದೆ. ‘ನಾಳೆ ನೀರು ಕೆಳಗೆ ಹೋದರೆ ಮತ್ತೆ ಪಂಪು ಬದಲಿಸಬೇಕಾಗುತ್ತದೆ’ ಎಂದು ಬುದ್ಧಿಮಾತನ್ನೂ ಹೇಳಿದೆ. ಮಾರಾಟಕ್ಕೆ ಸಿಗುವ ಕಮಿಷನ್ನಿನಿಂದ ಆ ತಿಂಗಳು ಮಗಳಿಗೆ ಕಿವಿಯೋಲೆ ಕಳಿಸಿದೆ.

ಅವನೇನೂ ಕೆಟ್ಟವನಲ್ಲ. ಅವನ ಮರಗಳು ಒಣಗುತ್ತಿದ್ದವು. ಆದರೆ ಫಲಜ್‌ಗೂ ಪಂಪಿಗೂ ಇರುವ ವ್ಯತ್ಯಾಸ ಇದು: ನೆಲದ ನೀರು ತಾನಾಗಿ ಬಿಟ್ಟುಕೊಟ್ಟಷ್ಟನ್ನು ಮಾತ್ರ ಫಲಜ್ ತರುತ್ತದೆ. ಮಟ್ಟ ಇಳಿದರೆ ಅದೂ ಇಳಿಯುತ್ತದೆ, ಬಲವಂತ ಮಾಡಲು ಅದಕ್ಕೆ ತಾಕತ್ತಿಲ್ಲ. ಪಂಪಿಗೆ ಬಲವಂತವೇ ಕಸುಬು. ಮೇಲಿನವನು ಎಳೆದಷ್ಟೂ ತಾಯಿಬಾವಿಯ ಮಟ್ಟ ಜಾರಿತು. ಎರಡು ವರ್ಷದಲ್ಲಿ ಅರೀಫರು ಕಲ್ಲು ಕಿತ್ತರೆ ಕಾಲುವೆಯಲ್ಲಿ ಹಿಂದಿನ ಕಾಲುಭಾಗವೂ ನೀರಿಲ್ಲ. ಆಮೇಲೆ ಇನ್ನಿಬ್ಬರು ಪಂಪು ಕೇಳಿಕೊಂಡು ಬಂದರು. ಅವರಿಗೂ ಮಾರಿದೆ. ಕಡೆಗೆ ಫಲಜ್ ಕಾಲುವೆಗೇ ನೀರು ತುಂಬಿಸಲು ಒಂದು ಪಂಪು ಬೇಕಾಯಿತು. ಅದರ ಆರ್ಡರೂ ನಮಗೇ ಬಂತು. ವ್ಯಾಪಾರದಲ್ಲಿ ಅಂಥ ಯೋಗ ಎಲ್ಲರಿಗೂ ಸಿಗುವುದಿಲ್ಲ.

ಇಳಿದದ್ದು ನೀರೊಂದೇ ಆಗಿದ್ದರೆ ಮತ್ತೊಂದು ಮಳೆಗೆ ಸರಿಹೋಗುತ್ತಿತ್ತೋ ಏನೋ. ಪಂಪು ಇದ್ದವನಿಗೆ ಸರದಿ ಬೇಕಿರಲಿಲ್ಲ. ಸರದಿ ಬೇಡವಾದವನು ಹೂಳೆತ್ತಲು ಹಣ ಕೊಡಲಿಲ್ಲ, ಹರಾಜಿಗೆ ಬರಲಿಲ್ಲ. ಹುಡುಗರು ಮಸ್ಕತ್‌ಗೆ ಕೆಲಸಕ್ಕೆ ಹೋದರು. ಅದು ಪಂಪಿನ ತಪ್ಪಲ್ಲ, ಸಂಬಳದ ಆಸೆ ಯಾರಿಗಿಲ್ಲ, ನಾನೂ ಹಾಗೇ ಹೋದವನು. ಅವರ ಬದಲಿಗೆ ಬಂದ ನಮ್ಮ ಕಡೆಯ, ಬಾಂಗ್ಲಾದ ಕೂಲಿಗಳು ಗೊನೆ ಇಳಿಸಲು ಪ್ಲಾಸ್ಟಿಕ್ ಕ್ರೇಟ್ ಹಿಡಿದರು. ದಂಡೆಯ ಮುದುಕನ ಬುಟ್ಟಿಗೆ ಗಿರಾಕಿಯಿಲ್ಲ. ಗರಿ ನೆನೆಹಾಕಲು ನೀರೂ ಇಲ್ಲ. ಕೊನೆಯ ವರ್ಷಗಳಲ್ಲಿ ಅವರು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಗರಿ ನೆನೆಸುತ್ತಿದ್ದರು. ನಮ್ಮ ಅಂಗಡಿಯಲ್ಲಿ ಪೈಪಿನ ಜೊತೆ ಉಚಿತವಾಗಿ ಕೊಡುತ್ತಿದ್ದ ನೀಲಿ ಟಬ್ಬು.

ಅದೇ ಹೊತ್ತಿಗೆ ಇನ್ನೊಂದು ಕಡೆ ಸಂಭ್ರಮ. 2006ರಲ್ಲಿ ಯುನೆಸ್ಕೊ ಒಮಾನಿನ ಐದು ಫಲಜ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದಾರಿಸ್ ಕೂಡ ಅದರಲ್ಲಿ ಒಂದು. ದೇಶದಲ್ಲಿ ಸುಮಾರು 3,000 ಫಲಜ್‌ಗಳು ಇನ್ನೂ ಹರಿಯುತ್ತಿವೆ ಎಂಬುದು ಅಂದಿನ ಲೆಕ್ಕ. ಒಮಾನ್ ಸರ್ಕಾರ ಕೈಕಟ್ಟಿ ಕೂತಿದೆ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. 1988ರಲ್ಲೇ ನೀರನ್ನು ರಾಷ್ಟ್ರೀಯ ಸಂಪತ್ತು ಎಂದು ರಾಜಾಜ್ಞೆ ಹೊರಡಿಸಿದ ದೇಶ ಅದು. ತಾಯಿಬಾವಿಯ ಸುತ್ತ ಬೇರೆ ಬಾವಿ ತೋಡಬಾರದೆಂಬ ನಿಷೇಧದ ಸುತ್ತಳತೆಯೂ ಇದೆ. ಅದಕ್ಕೆ ಹರೀಮ್ ಎಂಬ ಹಳೆಯ ಹೆಸರಿದೆ. ನನ್ನ ತಕರಾರು ಬೇರೆ. ಪಾಟಿಗಲ್ಲು ಹಾಕಿ ಕಾಲುವೆ ಚಂದ ಮಾಡಿ, ಪಕ್ಕದಲ್ಲಿ ಉದ್ಯಾನ ಬೆಳೆಸಿ, ಕರಕುಶಲ ಅಂಗಡಿಯಲ್ಲಿ ಬುಟ್ಟಿ ಇಟ್ಟರೆ ಕಲೆ ಉಳಿಯಿತು ಎಂದುಕೊಳ್ಳುವ ಆ ಸಮಾಧಾನದ ಮೇಲೆ ನನಗೆ ಸಿಟ್ಟು. ಗೊನೆ ಹೊರದ ಬುಟ್ಟಿಯನ್ನು ಯಾರೂ ಗಟ್ಟಿಯಾಗಿ ಹೆಣೆಯುವುದಿಲ್ಲ. ಸೂಕಿನ ಒಂದು ಅಂಗಡಿಯಲ್ಲಿ ಚಂದದ ಬುಟ್ಟಿ ನೋಡಿ ಅಂಚು ಎಳೆದರೆ ಹೊಲಿಗೆ ಬಿಟ್ಟುಕೊಂಡಿತು. ಗೋಡೆಗೆ ತೂಗುಹಾಕಲು ಮಾಡಿದ್ದಂತೆ.

ಈಗ ಸಭೆಗೆ ಬರುತ್ತೇನೆ. ನಮ್ಮೂರಿನ ಸುರಂಗಗಳನ್ನು ಪ್ರವಾಸಿ ತಾಣ ಮಾಡುವ ಬಗ್ಗೆ ಚರ್ಚೆ. ಬಾಯಿಗೆ ಕಮಾನು, ಒಳಗೆ ಬಣ್ಣದ ದೀಪ, ಹೊರಗೆ ಹಾಳೆತಟ್ಟೆ, ಬುಟ್ಟಿ ಮಾರುವ ಮಳಿಗೆ. ನಮ್ಮ ತಾಲ್ಲೂಕಿನವರೇ ಆದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಗುಡ್ಡ ಕೊರೆದು, ಒಂದಲ್ಲ ಎರಡಲ್ಲ ಹಲವು ಸಲ ನೀರು ಸಿಗದೆ ಸೋತು, ಆದರೂ ಬಿಡದೆ ಬೋಳುಗುಡ್ಡದಲ್ಲಿ ಅಡಿಕೆ ಬೆಳೆದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಸುರಂಗಕ್ಕೆ ಮರ್ಯಾದೆ ಹೆಚ್ಚಿದೆ, ಸಂತೋಷ. ಆದರೆ ಸಭೆಯಲ್ಲಿ ಭಾಷಣ ನಡೆಯುತ್ತಿದ್ದಾಗಲೇ ಗುಡ್ಡದ ಆಚೆ ಬದಿಯಿಂದ ಬೋರ್‌ವೆಲ್ ಲಾರಿಯ ಗರ್ಜನೆ ಕೇಳುತ್ತಿತ್ತು. ಯಾರೂ ತಲೆ ಎತ್ತಲಿಲ್ಲ. ನಾನು ಎತ್ತಿದೆ. ಆ ಸದ್ದು ನನಗೆ ಅನ್ನ ಕೊಟ್ಟ ಸದ್ದು.

ಎದ್ದು ನಿಂತು ಕೇಳಿದ್ದು ಇಷ್ಟು: ಸುರಂಗಕ್ಕೆ ದೀಪ ಹಾಕುವ ಮೊದಲು ಅದಕ್ಕೊಂದು ಹರೀಮ್ ಹಾಕಬಾರದೇ? ನಮ್ಮ ರಾಜ್ಯದಲ್ಲೂ 1999ರ ಕಾನೂನೊಂದಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎನ್ನುತ್ತದೆ. ಖಾಸಗಿ ಜಾಗದ ಸುರಂಗ ಅದರಡಿ ಬರುವುದಿಲ್ಲ. ಬರುವಂತೆ ಮಾಡಲಿ. ಒಂದು ಗುಡ್ಡಕ್ಕೆ ಎಷ್ಟು ಸುರಂಗ, ಯಾವುದರಲ್ಲಿ ಯಾವ ತಿಂಗಳವರೆಗೆ ನೀರು, ಎಷ್ಟು ಮನೆ ಅದನ್ನು ನಂಬಿವೆ ಎಂದು ಪಂಚಾಯತಿಯಲ್ಲಿ ಒಂದು ದಫ್ತರ ಇಡಲಿ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ, ಫಲಜ್‌ನ ಖಾಸಾ ತಮ್ಮ. ಅದರ ಹೂಳೆತ್ತಿಸಿದ್ದು ಒಳ್ಳೆಯದೇ. ಈಗ ಅದರ ನೀರಿನಲ್ಲಿ ಯಾರ ಪಾಲು ಎಷ್ಟು? ಪಾಲುದಾರನೇ ಇಲ್ಲದ ನೀರಿಗೆ ಕಾವಲುಗಾರ ಎಲ್ಲಿಂದ ಬರಬೇಕು? ಪ್ರವಾಸಿ ಸಂಜೆಗೆ ಮನೆಗೆ ಹೋಗುತ್ತಾನೆ.

ಸಭೆ ನಕ್ಕಿತು. ‘ಪಂಪು ಮಾರಿದವರೇ ಹೇಳಬೇಕು’ ಎಂದು ಹಿಂದಿನ ಬೆಂಚಿನಿಂದ ಒಬ್ಬ. ಸರಿಯಾಗಿಯೇ ಹೇಳಿದ. ಮನೆಗೆ ಬಂದು ಅಣ್ಣನ ಹತ್ತಿರ ವಿಷಯ ತೆಗೆದರೆ ಅವನು ಮುಖ ಬೇರೆ ಕಡೆ ತಿರುಗಿಸಿದ. ಆರು ನೂರು ಅಡಿಯ ಬೋರು ನಮ್ಮ ತೋಟದಲ್ಲೂ ಇದೆ. ನಾನೇ ಕಳಿಸಿದ ದುಡ್ಡಿನದು. ಅಜ್ಜನ ಸುರಂಗದ ದಂಬೆ ಈಗ ಮಕರ ಸಂಕ್ರಾಂತಿಗೇ ಒಣಗುತ್ತದೆ. ಹಿಂದೆ ವಿಷು ಕಳೆದ ಮೇಲೂ ಹರಿಯುತ್ತಿತ್ತು.

ನಿಜ್ವಾ ಬಿಟ್ಟು ಹೊರಟು ಬರುವ ವಾರ ಅರೀಫರ ಮನೆಗೆ ಹೋಗಿದ್ದೆ. ಅವರ ಅಣ್ಣ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಹ್ವಾ ಕೊಟ್ಟು, ಒಳಗಿನಿಂದ ಒಂದು ಖುಫೀರ್ ತಂದು ಕೈಗಿತ್ತರು. ಮುದುಕನ ಕೈಯದು, ಒಳಗೆ ಖರ್ಜೂರದ ರಸ ಹತ್ತಿ ಕಪ್ಪಾದದ್ದು, ಹೊಸದಲ್ಲ. ಬುಟ್ಟಿ ಎಂದು ಕೊಟ್ಟರೋ, ಲೆಕ್ಕ ಚುಕ್ತಾ ಎಂದು ಕೊಟ್ಟರೋ ಕೇಳಲಿಲ್ಲ. ಪಂಪಿನ ಮಾತು ನಾವಿಬ್ಬರೂ ಒಮ್ಮೆಯೂ ಎತ್ತಿರಲಿಲ್ಲ, ಅಂದೂ ಎತ್ತಲಿಲ್ಲ.

ಇಲ್ಲಿ ಅತ್ತಿಗೆ ಅದರಲ್ಲಿ ಉದುರಡಿಕೆ ಹೆಕ್ಕುತ್ತಾಳೆ. ಹಾಳೆಯ ಬುಟ್ಟಿಗಿಂತ ಬಾಳಿಕೆ ಬರುತ್ತದೆ, ಇನ್ನೆರಡು ತರಬಾರದಿತ್ತೇ ಎಂದು ಎರಡು ಸಲ ಕೇಳಿದ್ದಾಳೆ. ಕಳೆದ ಮಳೆಗಾಲದಲ್ಲಿ ತಳದ ಒಂದು ಸುತ್ತು ಬಿಟ್ಟುಕೊಂಡಿತು. ಹೊಲಿಯಲು ಖರ್ಜೂರದ ಗರಿ ಎಲ್ಲಿಂದ ತರುವುದು? ತೋಟದಲ್ಲಿ ಬಿದ್ದಿದ್ದ ಹಳೇ ಪಂಪಿನ ನೈಲಾನ್ ಹಗ್ಗದ ಎಳೆ ಬಿಡಿಸಿ, ದಬ್ಬಣದಲ್ಲಿ ಪೋಣಿಸಿ, ಅವಳೇ ಹೊಲಿದಳು. ನೀಲಿ ಹೊಲಿಗೆ, ದೂರಕ್ಕೂ ಕಾಣುತ್ತದೆ.